ಅತಿಥಿಯ ರೊಟ್ಟಿ

ತುಪ್ಪ, ಎಳ್ಳು, ಪದರಪದರವಾಗಿ ಮಡಚಿದ ಹಿಟ್ಟು, ಎಲ್ಲವೂ ತಂದೂರಿನಲ್ಲಿ ಒಟ್ಟಿಗೆ ಕೆಂಪಾಗುವ ವಾಸನೆ. ನಾನು ಚಿಕ್ಕವಳಿದ್ದಾಗ ಆ ವಾಸನೆ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರೆ ಸಾಕು, ಮಕ್ಕಳೆಲ್ಲ ಆಟ ನಿಲ್ಲಿಸಿ ಕೂದಲು ಸರಿಮಾಡಿಕೊಳ್ಳುತ್ತಿದ್ದೆವು. ಯಾರೋ ಬಂದಿದ್ದಾರೆ ಎಂದು ಅದರರ್ಥ. ಬಾಕರ್‌ಖಾನಿ ಎಂದರೆ ಮನೆಯವರ ರೊಟ್ಟಿಯಲ್ಲ, ಅತಿಥಿಯ ರೊಟ್ಟಿ. ನಮಗೆ ಬೆಳಗಿನ ಸಾದಾ ಗಿರ್ದಾ ರೊಟ್ಟಿ, ಊಟದ ಹೊತ್ತಿಗೆ ಅನ್ನ, ಜಗಳದಲ್ಲಿ ಗೆದ್ದವರಿಗೆ ಪಾತ್ರೆಯ ತಳ ಹಿಡಿದ ಗರಿಗರಿ ಅನ್ನದ ಚಕ್ಕೆ. ಆ ಚಕ್ಕೆ ಮಾತ್ರ ಅತಿಥಿಯ ಕಣ್ಣಿಗೂ ಬೀಳಬಾರದೆಂದು ಅಮ್ಮ ಸೌಟು ತೋರಿಸಿ ಹೆದರಿಸುತ್ತಿದ್ದಳು. "ಸೀದದ್ದನ್ನ ಬಡಿಸಿದ್ರು ಅಂತ ಊರೆಲ್ಲ ಹೇಳ್ಕೊಂಡು ಬರ್ತಾರೆ!"

ಅದೇ ವಾಸನೆ ಈಗ ಸುಲ ಕಾಂದುರನ ರೊಟ್ಟಿ ಅಂಗಡಿಯ ಎದುರು ನನ್ನ ಭುಜ ಸವರಿಕೊಂಡು ಹೋಯಿತು.

ತಿರುಗಿ ನೋಡಿದೆ. ಹಾಜ್ರಾ. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ದಾರಿಯಲ್ಲಿ ಸಿಕ್ಕಾಗಲೆಲ್ಲ ನಿಂತು ನನ್ನ ಮಂಡಿನೋವನ್ನು ವಿಚಾರಿಸದೆ ಹೋದವಳಲ್ಲ. ಇಂದು ನಿಲುವಂಗಿಯ ಒಳಗೆ ಬಿಸಿಯಾದ ಏನನ್ನೋ ಎದೆಗೊತ್ತಿಕೊಂಡು, ತಲೆ ತಗ್ಗಿಸಿ, ನದಿಯ ಕಡೆಯ ಓಣಿಗೆ ಇಳಿದುಬಿಟ್ಟಳು.

"ಸುಲಾ, ಹಾಜ್ರಾ ಮನೆಗೆ ಯಾರು ಬಂದಿದಾರೋ?"

ಸುಲ ತಂದೂರಿನೊಳಗೆ ಕೈ ಇಳಿಬಿಟ್ಟಿದ್ದ. ತಲೆ ಎತ್ತಲಿಲ್ಲ. "ಬೋಬಾ, ನಿಮ್ಮ ಹಲ್ಲಿಗೆ ಮೆತ್ತಗಿರೋದು ಬೇರೆ ತೆಗೆದಿಟ್ಟಿದೀನಿ, ತಗೊಳ್ಳಿ." ಓಣಿಗೆಲ್ಲ ನಾನು ಬೋಬಾ, ಅಜ್ಜಿ.

"ನಾನು ಕೇಳಿದ್ದು ಅದಲ್ಲ."

"ನಾನು ರೊಟ್ಟಿ ಮಾರ್ತೀನಿ. ಮನೆ ಮಾತು ಮಾರಲ್ಲ." ಆಮೇಲೆ ಮೆತ್ತಗೆ ಹೇಳಿದ: "ಅವಳ ಅತ್ತೆಗೆ ಬಾಕರ್‌ಖಾನಿ ಅಗಿಯೋಕೆ ಒಂದು ಹಲ್ಲೂ ಇಲ್ಲ. ಗಂಡ ಶಾಲು ಮಾರೋಕೆ ಕಲ್ಕತ್ತಾಗೆ ಹೋಗಿದಾನೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಗೊತ್ತಿರೋದನ್ನ ಹೇಳಿದ್ರೆ ಚಾಡಿ ಅಲ್ಲ, ಅಲ್ವಾ?"

ನನಗೆ ಮೆತ್ತನೆಯ ರೊಟ್ಟಿ ಕೊಟ್ಟ. ಒಳ್ಳೆಯ ಮನುಷ್ಯ.

ಓಣಿಯ ಆಚೆ ಬದಿಯಲ್ಲಿ ಮೋಚಿಯ ಮುಂದೆ ಮಣೆಯ ಮೇಲೆ ಕೂತು ಬೂಟಿನ ಅಟ್ಟೆ ಹೊಲಿಸಿಕೊಳ್ಳುತ್ತಿದ್ದ ಮುನೀರ್ ಕಾವೂಸಾ ನನ್ನ ಮುಖ ನೋಡಿದವನೇ ಎದ್ದ. ಇನ್ಸ್‌ಪೆಕ್ಟರನೆಂದು ಯಾರೂ ಹೇಳಲಾರರು. ಮಾಸಿದ ಫಿರನ್ ನಿಲುವಂಗಿ, ಅದರೊಳಗೆ ಮೈ ಬೆಚ್ಚಗಿಡುವ ಕೆಂಡದ ಕುಡಿಕೆ ಕಾಂಗ್ರಿ, ಒಂದು ಕಡೆಗೆ ವಾಲುವ ನಡಿಗೆ. ನನ್ನ ಸತ್ತುಹೋದ ಗೆಳತಿಯ ಮಗ. ಹೆಂಗಸರು ಮಾತ್ರ ಇರುವ ಮನೆಗೆ ಹೋಗುವಾಗಲೆಲ್ಲ ನನ್ನನ್ನು ಕರೆದೊಯ್ಯುವುದು ಅವನ ಪದ್ಧತಿ. "ಒಬ್ಬರು ಬೋಬಾ ಜೊತೆಗಿದ್ರೆ ಅದು ತಪಾಸಣೆ ಅಲ್ಲ, ಭೇಟಿ" ಎನ್ನುತ್ತಾನೆ.

ಈ ನಗರದಲ್ಲಿ ಬೂಟು ಬಿಚ್ಚಿಟ್ಟು ಮನೆ ಶೋಧಿಸುವ ಪೊಲೀಸನನ್ನು ನಾನು ಬೇರೆ ನೋಡಿಲ್ಲ. ಒಮ್ಮೆ ಸಿಪಾಯಿಗಳು ಒಂದು ಮನೆಯ ಅಕ್ಕಿಯನ್ನು ನೆಲಕ್ಕೆ ಸುರಿದು ಹೋಗಿದ್ದರು. ಇವನು ಹಿಂದೆ ಉಳಿದು, ಕುಕ್ಕರಗಾಲಲ್ಲಿ ಕೂತು, ಮನೆಯಾಕೆಯ ಜೊತೆ ಕೊನೆಯ ಕಾಳಿನವರೆಗೂ ಗುಡಿಸಿ ತುಂಬಿಸಿದ್ದ. ಕೇಳಿದರೆ, "ಕಾಲು ನೋಯ್ತಿತ್ತು ಬೋಬಾ, ಕೂತ್ಕೊಂಡೆ" ಅಂದ.

"ಎಲ್ಲಿ?" ಎಂದ ಈಗ. ಅತಿಥಿಯ ರೊಟ್ಟಿ ಯಾರ ಮನೆಗೆ ಹೋಗುತ್ತದೆಂದು ನೋಡಲು ನನ್ನನ್ನು ಅಂಗಡಿಯ ಮುಂದೆ ನಿಲ್ಲಿಸಿದ್ದವನು ಅವನೇ.

"ಹಾಜ್ರಾ ಮನೆ."

ಅವನ ಮುಖ ಬಾಡಿತು. "ಅಲ್ಲಿರಬಾರದು ಅಂತ ಬೇಡ್ಕೋತಿದ್ದೆ."

ಮಾಸ್ತರ್ ತ್ರಂಬೂ ಅವರನ್ನು ಅವರ ಮನೆಯ ಹಿತ್ತಲಲ್ಲಿ ಯಾರೋ ಗುಂಡಿಟ್ಟು ಕೊಂದು ನಾಲ್ಕು ದಿನವಾಗಿತ್ತು. ಗಡಿ ದಾಟಲು ಹೊರಟ ಹುಡುಗರನ್ನು ಬೈದು, ಅತ್ತು, ಕೆಲವೊಮ್ಮೆ ಕಿವಿ ಹಿಂಡಿ ಮನೆಗೆ ಕರೆತರುತ್ತಿದ್ದ ಶಾಲಾ ಮಾಸ್ತರರು. ಓಣಿಯವರ ಬಾಯಲ್ಲಿ ಕೊಲೆಗಾರನ ಹೆಸರು ಒಂದೇ: ಯಾವರ್. ಹಾಜ್ರಾಳ ತಮ್ಮ, ಮಾಸ್ತರರ ಪ್ರೀತಿಯ ಶಿಷ್ಯ. ಚೈತ್ರದಲ್ಲಿ ಕಾಣೆಯಾದವನು ಮರಳಿ ಬಂದಿದ್ದಾನೆಂದು ಯಾರೋ ಕಂಡಿದ್ದರಂತೆ.

ಮುನೀರ್ ಮಾತ್ರ ಒಪ್ಪಿರಲಿಲ್ಲ. ಅವನು ಹುಡುಕುತ್ತಿದ್ದದ್ದು ಇನ್ನೊಬ್ಬನನ್ನು.

ಹುಡುಗರು ಅವನನ್ನು ಚಾಚಾ ಎನ್ನುತ್ತಾರೆ. ಗಡಿಯಾಚೆಯ ದೇಶದ ಗೂಢಚಾರ ಇಲಾಖೆಯ ಅಧಿಕಾರಿ. ಬಂದೂಕು, ಹಣ, ವೈರ್‌ಲೆಸ್ಸು ಅವರದು, ಸಾಯುವ ಹುಡುಗರು ನಮ್ಮವರು. ಹುಡುಗರ ಸಿಟ್ಟು ಸುಳ್ಳೆಂದು ನಾನು ಹೇಳಲಾರೆ. ಅದು ನಮ್ಮ ಅಂಗಳದಲ್ಲೇ ಹುಟ್ಟಿದ ಸಿಟ್ಟು, ಅದಕ್ಕೆ ಕಾರಣಗಳಿವೆ. ಆದರೆ ಅದನ್ನು ಗದ್ದೆಯಂತೆ ಗುತ್ತಿಗೆಗೆ ಹಿಡಿದು ಬೆಳೆ ತೆಗೆಯುವವರು ಬೇರೆ. ತಪ್ಪಿಸಿಕೊಂಡು ಬಂದ ಹುಡುಗರಿಬ್ಬರು ಚಾಚಾನ ಬಗ್ಗೆ ಮುನೀರನಿಗೆ ಹೇಳಿದ್ದು ಒಂದೇ ಮಾತು. ದನಿ ಎತ್ತುವುದಿಲ್ಲ. ನಮ್ಮ ಭಾಷೆಯನ್ನು ನಮ್ಮಂತೆಯೇ ಆಡುತ್ತಾನೆ. ಪ್ರತಿ ಹುಡುಗನ ಬಳಿಯೂ ತಾಯಿಯ ಹೆಸರು ಕೇಳುತ್ತಾನೆ, ಮರೆಯುವುದಿಲ್ಲ.

"ಮರೆಯಲ್ಲ ಅನ್ನೋದನ್ನ ಆ ಹುಡುಗರು ಪ್ರೀತಿ ಅಂದ್ಕೊಂಡ್ರು" ಎಂದಿದ್ದ ಮುನೀರ್.

ಕಣಿವೆಯ ಮೇಲಿನ ಬೆಟ್ಟಗಳಿಗೆ ಮೋಡ ಮುತ್ತಿತ್ತು. ಹಿಮ ಬಿದ್ದರೆ ಗಡಿಯ ದಾರಿ ವಸಂತದವರೆಗೆ ಮುಚ್ಚುತ್ತದೆ. ಚಾಚಾ ಹೊರಡುವುದಿದ್ದರೆ ಇಂದೇ ಹೊರಡಬೇಕು. ಮುನೀರನ ಮೇಲಿನವರೂ ಅವನಿಗೆ ಸಂಜೆಯ ನಮಾಜಿನವರೆಗೆ ಮಾತ್ರ ಗಡುವು ಕೊಟ್ಟಿದ್ದರು. ಆಮೇಲೆ ಇಡೀ ಓಣಿಯನ್ನು ಸುತ್ತುವರಿದು ಗಂಡಸರನ್ನೆಲ್ಲ ಶಾಲೆಯ ಮೈದಾನದಲ್ಲಿ ಕೂರಿಸುತ್ತಾರೆ. ಮನೆಗಳಲ್ಲಿ ಅಕ್ಕಿ ಸುರಿಯುತ್ತದೆ. ಎಷ್ಟೋ ಮನೆಗಳಲ್ಲಿ ಅಕ್ಕಿಯೊಂದೇ ಸುರಿಯುವುದಿಲ್ಲ.

"ಶಾಲು ತಂದಿದೀರಾ?" ಎಂದ.

ತೋರಿಸಿದೆ. ಹರಿದ ಹಳೆಯ ಶಾಲು. ಹಾಜ್ರಾ ನಮ್ಮ ಭಾಗದಲ್ಲೇ ಸೂಜಿಕೆಲಸಕ್ಕೆ ಹೆಸರಾದವಳು, ಅವಳ ಮನೆಗೆ ಹೋಗಲು ಅದಕ್ಕಿಂತ ಒಳ್ಳೆಯ ನೆಪವಿಲ್ಲ. ಆ ಶಾಲಿನ ಮಡಿಕೆಯಲ್ಲಿ ಇನ್ನೊಂದು ಬಟ್ಟೆಯಿತ್ತು.

"ನದಿ ಘಾಟಿನ ದೋಣಿಯಲ್ಲಿ ನನ್ನ ಹುಡುಗರಿದಾರೆ, ಚಾಪೆ ಕೆಳಗೆ. ನಾನು ಕಿಟಕಿಯಿಂದ ಶಾಲು ಕೊಡವಿದ್ರೆ ಒಳಗೆ ನುಗ್ತಾರೆ. ಆಗ ನೀವು ಹಾಜ್ರಾ ಅತ್ತೇನ ಎಳ್ಕೊಂಡು ಮೂಲೆಗೆ ಹೋಗಿ."

"ಅವರು ನನ್ನನ್ನ ಎಳ್ಕೊಂಡು ಹೋಗ್ತಾರೆ ಬಿಡು. ನನಗಿಂತ ಗಟ್ಟಿ."

ಅವನು ನಕ್ಕ. ಅಷ್ಟು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

*

ಹಾಜ್ರಾ ಬಾಗಿಲು ತೆರೆದಳು. ನನ್ನನ್ನು ನೋಡಿ ಅರಳಿದ ಮುಖ ನನ್ನ ಹಿಂದೆ ನಿಂತವನನ್ನು ಕಂಡು ಹಾಗೇ ನಿಂತುಹೋಯಿತು. ಆದರೂ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ. "ಬನ್ನಿ ಬೋಬಾ, ಬನ್ನಿ, ಒಳಗ್ಬನ್ನಿ, ಚಳಿ."

"ಸಲಾಂ ತಂಗಿ" ಎಂದ ಮುನೀರ್, ಮಾಳಿಗೆಗೂ ಕೇಳುವಷ್ಟು ಗಟ್ಟಿಯಾಗಿ. "ನಮ್ಮ ಬೋಬಾ ಶಾಲು ಹರ್ಕೊಂಡಿದಾರೆ. ನೀನಲ್ದೆ ಬೇರೆ ಯಾರೂ ಮುಟ್ಟಬಾರದಂತೆ. ನಾನು ಬರೀ ಹೊರೋ ಕತ್ತೆ."

ಅವಳ ಕಣ್ಣು ಒಂದೇ ಒಂದು ಸಲ ಮೇಲೆ ಹೋಗಿ ಬಂತು. ಮರದ ಚಾವಣಿ, ಅದರ ಮೇಲೆ ಅಟ್ಟ. ಶರತ್ಕಾಲದಲ್ಲಿ ನಮ್ಮ ಮನೆಗಳ ಅಟ್ಟದ ತುಂಬ ಒಣಗಿಸಿದ ಸೋರೆ, ಬದನೆ, ಟೊಮೇಟೊ ಸರಗಳು. ಚಳಿಗಾಲ ಬರುವವರೆಗೆ ಯಾರೂ ಹತ್ತುವುದಿಲ್ಲ.

ಮುನೀರ್ ಕೂತು ಬೂಟು ಬಿಚ್ಚಿ ಹೊಸ್ತಿಲ ಹೊರಗೆ ಜೋಡಿಸಿಟ್ಟ. ಕಾಲುಚೀಲದ ಹೆಬ್ಬೆರಳಿನಲ್ಲಿ ಬೇರೆ ಬಣ್ಣದ ಉಣ್ಣೆಯ ತೇಪೆ. ಹಾಜ್ರಾ ಆ ತೇಪೆಯನ್ನು ಸ್ವಲ್ಪ ಹೊತ್ತು ನೋಡಿದಳು.

ಅಡುಗೆಮನೆಯ ಬಾಗಿಲ ಬಳಿ ಅವಳ ಅತ್ತೆ ಝೂನ್ ದೇದ್ ಕಲ್ಲಿನ ಒರಳಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದರು. ಕಿವಿ ಪೂರ್ತಿ ಹೋಗಿದೆ. ನನ್ನನ್ನು ಕಂಡು ಕೂಗಿದರು: "ಬದುಕಿದೀಯಾ? ಸತ್ತೆ ಅಂತ ಯಾರೋ ಅಂದ್ರು!"

"ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ ದೇದ್!"

"ಆಂ?"

"ಇದೀನಿ, ಇದೀನಿ!"

ಹಾಜ್ರಾ ಉಪ್ಪಿನ ಚಹಾ ತಂದಳು. ಗುಲಾಬಿ ಬಣ್ಣದ ಚಹಾ, ಮೇಲೆ ಕೆನೆ. ಪಕ್ಕದ ತಟ್ಟೆಯಲ್ಲಿ ರೊಟ್ಟಿ.

ಬೆಳಗಿನ ಗಿರ್ದಾ. ತಣ್ಣಗಾಗಿ ಚರ್ಮದಂತಾದದ್ದು.

ನಾನು ಮುನೀರನನ್ನು ನೋಡಿದೆ. ಅವನೂ ತಟ್ಟೆ ನೋಡುತ್ತಿದ್ದ. ಕೆಲವೇ ನಿಮಿಷದ ಹಿಂದೆ ಅಂಗಡಿಯಿಂದ ಬಿಸಿ ಬಾಕರ್‌ಖಾನಿ ತಂದವಳು, ಪಾಠ ಹೇಳಿಕೊಟ್ಟ ಮುದುಕಿಯ ಮುಂದೆ ತಂಗಳು ರೊಟ್ಟಿ ಇಡುತ್ತಾಳೆಯೇ? ಈ ಊರಲ್ಲಿ ಬಡತನಕ್ಕೂ ಅಷ್ಟು ಧೈರ್ಯವಿಲ್ಲ. ಮನೆಯಲ್ಲಿರುವ ಬಾಕರ್‌ಖಾನಿಗೆ ಆಗಲೇ ಒಡೆಯನಿದ್ದಾನೆ. ನಮಗಿಂತ ಮೊದಲು ಬಂದ ಅತಿಥಿ.

ನನಗೆ ಸಿಟ್ಟು ಬರಲಿಲ್ಲ. ಅವನು ಯಾರೇ ಆಗಿರಲಿ, ಎಂಥವನೇ ಆಗಿರಲಿ, ಇವಳ ಸೂರಿನ ಕೆಳಗಿದ್ದಾನೆ. ಅವನಿಗೆ ಹಳೆಯ ರೊಟ್ಟಿ ಕೊಡಲು ಇವಳ ಕೈ ಬಂದಿಲ್ಲ. ಜೀವ ಉಳಿಸಿಕೊಳ್ಳಲು ಎಲ್ಲವನ್ನೂ ಬಚ್ಚಿಟ್ಟವಳು ಮರ್ಯಾದೆಯನ್ನು ಬಚ್ಚಿಡಲಾರದೆ ಹೋಗಿದ್ದಳು. ಆ ತಪ್ಪನ್ನು ನಮ್ಮ ಅಮ್ಮನೂ ಮಾಡುತ್ತಿದ್ದಳು, ನಾನೂ ಮಾಡುತ್ತಿದ್ದೆ.

ಚಾವಣಿಯ ಸಂದಿನಿಂದ ಸಣ್ಣ ಧೂಳು ಇಳಿದು ನನ್ನ ಚಹಾದ ಕೆನೆಯ ಮೇಲೆ ಕೂತಿತು.

ಮುನೀರ್ ಕಣ್ಣಲ್ಲೇ ಒರಳು ತೋರಿಸಿದ. ಅರ್ಥವಾಯಿತು.

"ಕೊಡಿ ದೇದ್, ನಾನು ಕುಟ್ತೀನಿ!" ಎಂದು ಎದ್ದು ಹೋದೆ.

"ನೀನಾ? ನಿನ್ನ ಕೈಗೆ ಸೀಮೆಸುಣ್ಣ ಬಿಟ್ರೆ ಏನು ಗೊತ್ತು?" ಆದರೂ ಒನಕೆ ಕೊಟ್ಟರು. ತಮಾಷೆ ನೋಡಲು ಗೋಡೆಗೆ ಒರಗಿ ಕೂತರು.

ನಾನು ಬಲವಾಗಿ ಕುಟ್ಟತೊಡಗಿದೆ. ಢಂ, ಢಂ. ಖಾರದ ಘಾಟು ಮೂಗಿಗೇರಿತು, ಕಣ್ಣು ಸುರಿಯಿತು, ಸೀನಿದೆ, ಮತ್ತೆ ಕುಟ್ಟಿದೆ. ಆ ಸದ್ದಿನ ಕೆಳಗೆ ಅವರಿಬ್ಬರೂ ಮಾತಾಡಿದ್ದು ಅಟ್ಟಕ್ಕೆ ಏರಲಿಲ್ಲ. ನನಗೆ ಮಾತ್ರ ಕೇಳಿಸಿತು.

ಮುನೀರ್ ಶಾಲಿನ ಮಡಿಕೆ ಬಿಡಿಸಿ ಒಳಗಿದ್ದ ಬಟ್ಟೆಯನ್ನು ಅವಳ ಮುಂದೆ ಹಾಸಿದ. ಬೂದು ಬಣ್ಣದ ಫಿರನ್. ಅಂಚಿನಲ್ಲಿ ಹರಿದಲ್ಲಿ ನೂಲಿನ ಮೇಲೆ ನೂಲು ಕೂತು, ಹರಿದದ್ದೇ ಕಾಣದಂತೆ ಹೊಲಿದಿತ್ತು. ಅಂಥ ಹೊಲಿಗೆ ಒಬ್ಬಳದೇ.

"ಯಾವರ್‌ದು" ಎಂದ.

ಹಾಜ್ರಾ ಮುಟ್ಟಲಿಲ್ಲ. "ಎಲ್ಲಿ ಸಿಕ್ತು?"

"ಮಾಸ್ತರರ ಮೈಮೇಲೆ."

ಅವಳು ಹಿಂದಕ್ಕೆ ಸರಿದಳು.

"ಹೆದರ್ಬೇಡ, ಪೂರ್ತಿ ಕೇಳು. ಗುಂಡು ಅವರ ಅಂಗಿ ತೂರಿ ಹೋಗಿದೆ, ಮೇಲಿದ್ದ ಈ ಬಟ್ಟೇಲಿ ತೂತಿಲ್ಲ. ಅಂದ್ರೆ ಆಮೇಲೆ ಯಾರೋ ಹೊದಿಸಿದಾರೆ, ತಲೆಯಿಂದ ಕಾಲವರೆಗೂ. ಅಷ್ಟೇ ಅಲ್ಲ. ಹೊದಿಕೆ ಒಳಗೆ ಪಕ್ಕೆಗೆ ಕಾಂಗ್ರಿ ಇಟ್ಟಿದ್ರು. ಮಲಗಿರೋರಿಗೆ ಇಡ್ತಾರಲ್ಲ, ಕೆಂಡದ ಮೇಲೆ ಬೂದಿ ಮುಚ್ಚಿ, ಹಾಗೆ. ಸತ್ತೋರಿಗೆ ಚಳಿ ಆಗುತ್ತೆ ಅಂತ."

ನನ್ನ ಒನಕೆ ಅರೆಗಳಿಗೆ ತಪ್ಪಿತು. ಮತ್ತೆ ಕುಟ್ಟಿದೆ.

"ಕೊಂದವನು ಹೊದಿಸಲ್ಲ ತಂಗಿ. ಊರೆಲ್ಲ ಅವನನ್ನ ಕೊಲೆಗಾರ ಅಂತಿದೆ. ನಾನು ಅನ್ನಲ್ಲ. ನಿನ್ನ ತಮ್ಮ ಕೊಲೆಗಾರ ಅಲ್ಲ, ನೋಡಿದವನು. ಅವನ ಕಣ್ಣೆದುರಿಗೇ ಚಾಚಾ ಮಾಸ್ತರರನ್ನ ಹೊಡೆದ."

"ನನಗೆ ಯಾವ ಚಾಚಾನೂ ಗೊತ್ತಿಲ್ಲ."

"ಚಾಚಾ ಇವತ್ತು ಅವನನ್ನ ಕರ್ಕೊಂಡು ಹೊರಡ್ತಾನೆ. ಬೆಟ್ಟದವರೆಗೆ ಇಬ್ಬರು ಹೋಗ್ತಾರೆ. ಆಚೆ ಇಳಿಯೋದು ಒಬ್ಬನೇ."

ಹಾಜ್ರಾ ತಲೆ ಎತ್ತಿದಳು. ಕಾಲೇಜಿನಲ್ಲಿ ತಪ್ಪು ಅಂಕ ಹಾಕಿದಾಗ ನನ್ನೆದುರು ನಿಂತು ವಾದಿಸಿದ ಹುಡುಗಿ ಆ ಕಣ್ಣಲ್ಲಿ ಇನ್ನೂ ಇದ್ದಳು.

"ಸಾಹೇಬ್ರೇ, ನಿಮ್ಮವರ ಕೈಗೆ ಸಿಕ್ಕಿದ ಹುಡುಗರು ಎಷ್ಟು ಜನ ಮನೆಗೆ ಬಂದ್ರು? ನಮ್ಮ ಪಕ್ಕದ ಮನೆ ತಾಯಿ ಇವತ್ತಿಗೂ ಬಾಗಿಲು ಹಾಕ್ಕೊಳ್ದೆ ಮಲಗ್ತಾಳೆ. ಮಗ ಬಂದ್ರೆ ತಟ್ಟಿ ಕಾಯ್ಬಾರದು ಅಂತ. ಅವನನ್ನ ಕರ್ಕೊಂಡು ಹೋಗಿದ್ದು ಚಾಚಾ ಅಲ್ಲ."

ಬೇರೆ ಅಧಿಕಾರಿಯಾಗಿದ್ದರೆ ಗದರುತ್ತಿದ್ದ. ಇಲ್ಲವೇ ಸುಳ್ಳು ಹೇಳುತ್ತಿದ್ದ.

"ಹೌದು" ಎಂದ ಮುನೀರ್. "ಬಂದಿಲ್ಲ."

ಒರಳಿನ ಸದ್ದಿನಲ್ಲೂ ಆ ಒಂದು ಮಾತು ತೂಕವಾಗಿ ಬಿತ್ತು.

"ಅದಕ್ಕೇ ನಾನು ಬೂಟು ಹಾಕಿದೋರನ್ನ ಮುಂದೆ ಕಳಿಸ್ದೆ, ಬೋಬಾನ ಕರ್ಕೊಂಡು ಬಂದೆ. ಯಾವರ್ ಸಿಕ್ಕಿದ ದಿನ ಅವನು ಠಾಣೆಗೆ ಹೋಗಲ್ಲ. ನನ್ನ ಜೊತೆ ನೇರ ನ್ಯಾಯಾಧೀಶರ ಮುಂದೆ ಹೋಗ್ತಾನೆ, ಬೋಬಾ ಒಂದು ಕಡೆ, ನೀನು ಒಂದು ಕಡೆ. ನನ್ನ ಕೆಲಸ ಹೋದ್ರೆ ಹೋಗ್ಲಿ. ಇದಕ್ಕಿಂತ ಜಾಸ್ತಿ ನಾನು ಮಾತು ಕೊಡೋಕಾಗಲ್ಲ. ಕೊಟ್ರೆ ಅದು ಸುಳ್ಳಾಗುತ್ತೆ."

ಹಾಜ್ರಾ ಫಿರನ್ನಿನ ಅಂಚನ್ನು ಕೊನೆಗೆ ಮುಟ್ಟಿದಳು. ತಾನು ಹೊಲಿದ ಜಾಗದ ಮೇಲೆ ಬೆರಳಾಡಿಸಿದಳು.

"ಅವನು ಎಲ್ಲಿದಾನೆ ಅಂತ ನಿನಗೆ ಗೊತ್ತಿಲ್ದೆ ಇರ್ಬಹುದು. ಯಾವುದೋ ತೋಟದ ಮನೇಲಿ ಕೂರಿಸಿರ್ತಾರೆ. ಆದ್ರೆ ಮೇಲಿರೋನು ನನ್ನ ಕೈಗೆ ಜೀವಂತ ಸಿಕ್ರೆ ಯಾವರ್‌ನ ಜಾಗ ಹೇಳ್ತಾನೆ. ಮೇಲೆ ಒಬ್ಬನೇ ಇದಾನಲ್ವಾ? ಹೂಂ ಅನ್ನು, ಸಾಕು. ತಲೆ ಆಡ್ಸು."

ಅವಳ ತಲೆ ಅಲ್ಲಾಡಲಿಲ್ಲ.

"ನನ್ನನ್ನ ಕೇಳ್ಬೇಡಿ. ಪೀರ್ ದಸ್ತಗೀರ್ ಸಾಹೇಬರ ಆಣೆ ಹಾಕಿದೀನಿ. ಯಾವರ್ ತಲೆ ಮೇಲೆ ಕೈಯಿಡಿಸಿ ಆಣೆ ತಗೊಂಡಿದಾನೆ. ಮನೇಲಿ ಯಾರಿದಾರೆ ಅಂತ ನನ್ನ ಬಾಯಿಂದ ಒಂದು ಮಾತು ಬಂದ್ರೆ, ಒಂದು ಸನ್ನೆ ಮಾಡಿದ್ರೆ..."

ನಾನು ಅದನ್ನು ಕೇಳಿದೆ, ಆದರೆ ಆ ಗಳಿಗೆಯಲ್ಲಿ ಅದರ ಅರ್ಥ ಹೊಳೆಯಲಿಲ್ಲ. ಮುನೀರನಿಗೂ ಹೊಳೆಯಲಿಲ್ಲ. ಆಣೆಯೆಂದರೆ ಎಂದೋ ಚೈತ್ರದಲ್ಲಿ, ಹುಡುಗ ಮನೆ ಬಿಡುವ ಮೊದಲು ಹಾಕಿಸಿದ್ದು ಎಂದುಕೊಂಡೆವು.

ಮುನೀರ್ ನಿಟ್ಟುಸಿರಿಟ್ಟು ಎದ್ದ. ಹರಿದ ಶಾಲನ್ನು ಕೈಗೆತ್ತಿಕೊಂಡ. ಬಲಗೈ ಫಿರನ್ನಿನ ಒಳಗೆ ಸೊಂಟದ ಕಡೆ ಹೋಯಿತು. ನದಿಯ ಕಡೆಯ ಕಿಟಕಿಗೆ ನಾಲ್ಕು ಹೆಜ್ಜೆ.

"ತಂಗಿ, ಕ್ಷಮಿಸು. ಬೋಬಾ, ದೇದ್‌ನ ಹಿಡ್ಕೊಳ್ಳಿ."

ನಾನು ಒನಕೆ ಬಿಟ್ಟೆ. ಮನೆ ಮೌನವಾಯಿತು.

ಆಗ ಹಾಜ್ರಾ ಎದ್ದಳು.

"ಇಷ್ಟು ಬೇಗ ಹೊರಟ್ರಾ?" ಎಂದಳು, ಗಟ್ಟಿಯಾಗಿ, ನಗುತ್ತ. ಅಂಥ ನಗುವನ್ನು ನಾನು ಮತ್ತೆ ಕೇಳಬಯಸುವುದಿಲ್ಲ. "ಒಂದು ನಿಮಿಷ ನಿಲ್ಲಿ ಬೋಬಾ. ಬರಿಗೈಲಿ ಹೋಗಬಾರದು."

ಒಲೆಯ ಬಳಿ ಕೂತಳು. ತಾಮ್ರದ ತಟ್ಟೆ ತೆಗೆದು ಸೆರಗಿನಲ್ಲಿ ಒರೆಸಿದಳು. ಅನ್ನ ಬಡಿಸಿದಳು, ಒಂದು ಕೈ, ಎರಡು ಕೈ, ಮೂರು. ಹಾಕ್ ಸೊಪ್ಪಿನ ಮೇಲೆ ಸಾರು ಬಿಟ್ಟಳು. ಗೂಡಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ನನ್ನ ಬಾಲ್ಯದ ಆ ವಾಸನೆ ಅಡುಗೆಮನೆ ತುಂಬಿತು. ಬಾಕರ್‌ಖಾನಿ. ಅದನ್ನು ಅನ್ನದ ಒಂದು ಬದಿಗೆ ನೆಟ್ಟಗೆ ಒರಗಿಸಿಟ್ಟಳು.

ಅವಳ ಅವಸರವಿಲ್ಲದ ಕೈಗಳನ್ನೇ ನೋಡುತ್ತಿದ್ದ ಮುನೀರ್ ಕಿಟಕಿಗೆ ಹೋಗಲಿಲ್ಲ. ಹೆಂಗಸೊಬ್ಬಳು ಬಡಿಸುತ್ತಿರುವಾಗ ಎದ್ದುಹೋಗುವುದು ಅವನಿಂದಲೂ ಆಗದ ಕೆಲಸ.

ಆಮೇಲೆ ಹಾಜ್ರಾ ಒಲೆಯ ಮೇಲಿನ ಪಾತ್ರೆಯನ್ನು ಓರೆ ಮಾಡಿ, ಸೌಟಿನ ಅಂಚಿನಿಂದ ತಳವನ್ನು ಕೆರೆದಳು. ಕರಕರ ಸದ್ದು. ತಳ ಹಿಡಿದ ಕೆಂಪು ಅನ್ನದ ದೊಡ್ಡ ಚಕ್ಕೆ ಇಡಿಯಾಗಿ ಎದ್ದು ಬಂತು. ಅದನ್ನು ತಟ್ಟೆಯ ಇನ್ನೊಂದು ಬದಿಗೆ, ಬಾಕರ್‌ಖಾನಿಯ ಎದುರಿಗೆ, ಮೆಲ್ಲಗೆ ಇಟ್ಟಳು.

ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಬಾಯಿ ತೆರೆಯಲಿಲ್ಲ. ಮೇಲೆ ನೋಡಲಿಲ್ಲ. ಸನ್ನೆ ಮಾಡಲಿಲ್ಲ. ಆಣೆ ಮುರಿಯಲಿಲ್ಲ.

ನಾನು ತಟ್ಟೆ ನೋಡಿದೆ. ಅಮ್ಮನ ಸೌಟು, ಅಮ್ಮನ ಗದರಿಕೆ ಕಿವಿಯಲ್ಲಿ ಮೊಳಗಿತು. ಒಂದೇ ತಟ್ಟೆಯಲ್ಲಿ ಇವೆರಡೂ ಇರುವಂತಿಲ್ಲ. ಎಲ್ಲಾದರೂ ಸಾಧ್ಯವೇ? ಬಾಕರ್‌ಖಾನಿ ಅತಿಥಿಗೆ. ಸೀದ ಚಕ್ಕೆಯನ್ನು ಅತಿಥಿಗೆ ತೋರಿಸುವುದೂ ನಾಚಿಕೆಗೇಡು. ಅದು ಮನೆಯ ಮಗುವಿಗೆ. ಜಗಳವಾಡಿ ಗೆದ್ದ ಮಗುವಿಗೆ, ಅಥವಾ ಅಕ್ಕ ಗುಟ್ಟಾಗಿ ಎತ್ತಿಟ್ಟ ತಮ್ಮನಿಗೆ.

ಅಟ್ಟದ ಮೇಲೆ ಒಬ್ಬನಲ್ಲ. ಇಬ್ಬರು.

ಒಬ್ಬ ಅತಿಥಿ. ಇನ್ನೊಬ್ಬ ಈ ಮನೆಯ ಹುಡುಗ.

ತೋಟದ ಮನೆಯಲ್ಲೂ ಇಲ್ಲ, ಬೆಟ್ಟದಲ್ಲೂ ಇಲ್ಲ. ಯಾವರ್ ನಮ್ಮ ತಲೆಯ ಮೇಲೆಯೇ, ಸೋರೆಕಾಯಿಯ ಸರಗಳ ನಡುವೆ, ಚಾಚಾನ ಪಿಸ್ತೂಲಿನ ಪಕ್ಕದಲ್ಲಿ ಕೂತಿದ್ದ. ಮುನೀರ್ ಶಾಲು ಕೊಡವಿದರೆ, ಬಾಗಿಲು ಒಡೆದರೆ, ಮೊದಲ ಗುಂಡು ಯಾರಿಗೆಂದು ಯೋಚಿಸಬೇಕಿರಲಿಲ್ಲ.

ತಟ್ಟೆಯನ್ನು ಮುನೀರನ ಮುಂದೆ ಹಿಡಿದೆ.

ಅವನು ಬಾಕರ್‌ಖಾನಿ ನೋಡಿದ. ಚಕ್ಕೆ ನೋಡಿದ. ಅವನೂ ಇಲ್ಲೇ ಹುಟ್ಟಿದವನು, ಅವನಿಗೂ ಒಬ್ಬಳು ಅಕ್ಕ ಇದ್ದಳು. ಫಿರನ್ನಿನ ಒಳಗಿದ್ದ ಬಲಗೈ ಖಾಲಿಯಾಗಿ ಹೊರಗೆ ಬಂತು. ಶಾಲನ್ನು ನನ್ನ ಹೆಗಲಿಗೆ ಹಾಕಿ, ಕಿಟಕಿಗೆ ಕಾಣದಂತೆ ಅದರ ತುದಿಯನ್ನು ಒಳಗೆ ಸಿಕ್ಕಿಸಿದ.

ಹಾಜ್ರಾಳ ಮುಂದೆ ತಲೆ ಬಾಗಿಸಿದ. ದೊಡ್ಡವರ ಮುಂದೆ ಬಾಗಿಸುವಂತೆ.

ಆಗಲೇ ಮೇಲಿನಿಂದ ದನಿ ಬಂತು. ಮೆತ್ತನೆಯ ದನಿ, ಎತ್ತರಿಸದ ದನಿ. ನಮ್ಮದೇ ಮಾತು, ನಮ್ಮದೇ ರಾಗ.

"ಹಾಜ್ರಾ ಮಗಳೇ, ನೆಂಟರು ಹೊರಟ್ರಾ?"

ಝೂನ್ ದೇದ್ ಏನೂ ಕೇಳದೆ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಹೊಸ್ತಿಲ ಹೊರಗೆ ಮುನೀರನ ಬೂಟುಗಳು ಜೋಡಿಯಾಗಿ ಕೂತಿದ್ದವು. ಅವನ ಕಾಲಲ್ಲಿ ಇದ್ದದ್ದು ತೇಪೆ ಹಾಕಿದ ಕಾಲುಚೀಲ. ಅಟ್ಟದ ಏಣಿ ಹತ್ತಿದರೆ ಸದ್ದಾಗುವುದಿಲ್ಲ. ಆದರೂ ಹತ್ತುವುದು ಯಾರ ಹೆಜ್ಜೆ, ಹೆಣ್ಣಿನದೋ ಗಂಡಿನದೋ, ಮೇಲಿರುವ ಅನುಭವಸ್ಥ ಕಿವಿಗೆ ಎಷ್ಟನೆಯ ಮೆಟ್ಟಿಲಲ್ಲಿ ಗೊತ್ತಾಗುತ್ತದೆ?

"ಹೊರಟ್ರು ಚಾಚಾ" ಎಂದಳು ಹಾಜ್ರಾ. ದನಿ ಒಡೆಯಲಿಲ್ಲ. "ಊಟ ತರ್ತಿದೀನಿ."

ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. ಅಂಚಿನಲ್ಲಿ ಸೋರಿದ್ದ ಸಾರಿನ ಹನಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ಒಂದು ಮಾತೂ ಆಡದೆ, ಅದನ್ನು ಮುನೀರನ ಎರಡೂ ಕೈಗಳಲ್ಲಿ ಇಟ್ಟು, ಅವನಿಗೆ ಏಣಿಯ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.